ಕಾಫಿಗಿಂತ ಮುಂಚಿನ ಅರ್ಧ ಗಂಟೆ

ವಾರಿಜಾಕ್ಷಮ್ಮನ ಮನೆಯ ತೂಕದ ಯಂತ್ರಕ್ಕೆ ದಿನಾ ಬೆಳಿಗ್ಗೆ ಬೈಗುಳ ತಪ್ಪುತ್ತಿರಲಿಲ್ಲ. ಆಕೆ ಅನ್ನ ಬಿಟ್ಟರು, ತುಪ್ಪ ಬಿಟ್ಟರು, ರಾತ್ರಿಯ ಊಟವನ್ನೂ ಬಿಟ್ಟರು; ಯಂತ್ರದ ಮುಳ್ಳು ಮಾತ್ರ ಕದಲಲಿಲ್ಲ. "ಈ ವಾರವೂ ಇಳಿಯದಿದ್ದರೆ ಇದನ್ನು ಗುಜರಿಗೆ ಹಾಕ್ತೀನಿ," ಎಂದರು.

ಯಂತ್ರ ಹೆದರಿ, ಆಕೆ ದಿನಾ ಬೆಳಿಗ್ಗೆ ನುಂಗುವ ಥೈರಾಯ್ಡ್ ಮಾತ್ರೆಯನ್ನು ಕೇಳಿತು: "ಏನಯ್ಯಾ, ನೀನು ಕೆಲಸ ಮಾಡ್ತೀಯೋ ಇಲ್ಲವೋ?"

"ಮಾಡೋಕೆ ಬಿಟ್ಟರೆ ತಾನೆ? ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಆಮೇಲೆ ಅರ್ಧ ಗಂಟೆ ಕಾಫಿ ಮುಟ್ಟಬೇಡಿ ಅಂದಿದ್ದರು ಡಾಕ್ಟರು. ಈಯಮ್ಮ ನನ್ನನ್ನು ನುಂಗೋದೇ ಕಾಫಿಯಲ್ಲಿ. ಮೈಗೆ ಹತ್ತುವ ಮೊದಲೇ ಅದು ನನ್ನನ್ನು ತಳ್ಳಿಕೊಂಡು ಹೋಗುತ್ತೆ."

ಯಂತ್ರ ಕಾಫಿಯತ್ತ ತಿರುಗಿತು. "ಸ್ವಾಮಿ, ತಾವು ಸ್ವಲ್ಪ ತಡೆದು ಬರಬಾರದೇ?"

"ಇವರ ಅತ್ತೆಯ ಕಾಲದಿಂದ ಈ ಮನೆಯಲ್ಲಿ ಮೊದಲು ಬರುವವನು ನಾನು. ನಿನ್ನೆ ಮೊನ್ನೆ ಬಂದ ಗುಳಿಗೆಗೆ ದಾರಿ ಬಿಡಲೇ?" ಎಂದಿತು ಕಾಫಿ, ಲೋಟದೊಳಗಿಂದ ಹಬೆಯಾಡುತ್ತ.

ವಾರ ಕಳೆಯಿತು. ಯಂತ್ರ ಗುಜರಿಗೆ ಹೋಯಿತು, ಹೊಸದು ಬಂತು. ಮರುದಿನ ವಾರಿಜಾಕ್ಷಮ್ಮ ಕಾಫಿಯ ಜೊತೆ ಮಾತ್ರೆ ನುಂಗಿ, ಹೊಸ ಯಂತ್ರದ ಮೇಲೆ ನಿಂತರು. ಅದೇ ತೂಕ.

"ಹಾಳಾದ್ದು, ಇದೂ ಆ ಹಳೆಯದರ ತಮ್ಮನೇ," ಎಂದು ಇನ್ನರ್ಧ ಲೋಟ ಬಗ್ಗಿಸಿಕೊಂಡರು.