ದೇಸಾಯರ ಹೊಲ, ಸಾತವ್ವನ ಎತ್ತು

ಪೂಜ್ಯ ಶ್ರೀ ನಿಶ್ಚಿಂತ ಶಿವಯೋಗಿಗಳವರು ಹಿರೇಕೊಡಗಲಿಯಲ್ಲಿ ವಾಸವಾಗಿದ್ದ ಕಾಲದ ಮಾತಿದು. ಗಾಣಿಗರ ಓಣಿಯ ತುದಿಗೆ ಎರಡು ಅಂಕಣದ ಮಣ್ಣಿನ ಮಠ. ಹಾಸಲು ಒಂದು ಕಂಬಳಿ, ಉಣ್ಣಲು ಒಂದು ಕಟ್ಟಿಗೆಯ ಬಟ್ಟಲು. ಬೆಳಿಗ್ಗೆ ಜೋಳಿಗೆ ಹಿಡಿದು ಐದು ಮನೆ ತಿರುಗಿದರೆ ಅವರ ದಿನದ ಚಿಂತೆ ಮುಗಿಯಿತು. ಊರೆಲ್ಲ ಅವರನ್ನು ಅಜ್ಜಾರು ಎಂದು ಕರೆಯುತ್ತಿತ್ತು, ಕಂಡಲ್ಲಿ ಕೈಮುಗಿಯುತ್ತಿತ್ತು. ಕೈಮುಗಿದೂ ಒಳಗೊಳಗೇ ನಗುತ್ತಿದ್ದವನು ಒಬ್ಬನೇ, ಊರಿನ ಕಂದಾಯದ ಕಾಗದಪತ್ರ ನೋಡುತ್ತಿದ್ದ ಕುಲಕರ್ಣಿ ಗುಂಡೋಪಂತ.

ಅವನು ನಗುವುದಕ್ಕೆ ಕಾರಣವಿತ್ತು. ಆ ಸಂಸ್ಥಾನದ ಕಟ್ಟಳೆಯೇ ಹಾಗೆ. ಊರಿಗೆ ಇಷ್ಟು ಕಂದಾಯವೆಂದು ಅರಮನೆ ಒಮ್ಮೆ ಗೊತ್ತುಮಾಡಿದರೆ ಅದರಲ್ಲಿ ಕಾಸೂ ಕಡಿಮೆಯಾಗುವಂತಿಲ್ಲ. ಆದರೆ ಮಠಕ್ಕೆ ದಾನ ಕೊಟ್ಟ ಹೊಲ ಇನಾಮು, ಅದಕ್ಕೆ ಕಂದಾಯವಿಲ್ಲ. ಅಂದಮೇಲೆ ಆ ಹೊಲದ ಪಾಲು ಉಳಿದವರ ತಲೆಯ ಮೇಲೆಯೇ ಬೀಳಬೇಕು. ಮೂರು ವರ್ಷದ ಹಿಂದೆ ಅಡಿವೆಪ್ಪ ದೇಸಾಯರು ನಲವತ್ತು ಕೂರಿಗೆ ಎರೆ ಹೊಲವನ್ನು ಅಜ್ಜಾರ ಮಠಕ್ಕೆ ಧಾರೆ ಎರೆದಿದ್ದರು. ಮರುದಿನವೇ ಅದನ್ನು ವರ್ಷಕ್ಕೆ ಹತ್ತು ಚೀಲ ಜೋಳದ ಗುತ್ತಿಗೆಗೆ ತಾವೇ ಹಿಂದಕ್ಕೆ ಪಡೆದಿದ್ದರು. ಬಿತ್ತುವವರು ಅವರೇ, ರಾಶಿ ಒಯ್ಯುವವರೂ ಅವರೇ, ಕಟ್ಟುವುದು ಮಾತ್ರ ಏನೂ ಇಲ್ಲ. ಆ ಹತ್ತು ಚೀಲದಲ್ಲಿ ಅಜ್ಜಾರು ಬಂದವರಿಗೆಲ್ಲ ಅಂಬಲಿ ಎರೆಯುತ್ತಿದ್ದರು. ಅದರಾಚೆಗೆ ಆ ಹೊಲದ ಗೊಡವೆಗೆ ಅವರು ಹೋದವರಲ್ಲ, ಕೇಳಿದವರೂ ಅಲ್ಲ.

ಗುಂಡೋಪಂತನ ಪಾಲಿಗೆ ಮಠವೆಂದರೆ ದೊಡ್ಡವರು ಆಸ್ತಿ ಬಚ್ಚಿಡುವ ಒಂದು ಹಗೇವು. ಈ ಸನ್ಯಾಸಿಗೆ ಎಲ್ಲ ಗೊತ್ತಿದೆ, ಗೊತ್ತಿಲ್ಲದವರಂತೆ ಕಣ್ಣು ಮುಚ್ಚಿ ಕೂತಿದ್ದಾರೆ ಎಂದೇ ಅವನು ನಂಬಿದ್ದ. ಹಾಗೆಂದು ಅವನೇನು ಸಾಚಾ ಮನುಷ್ಯನಲ್ಲ. ಕುಲಕರ್ಣಿಕೆಯ ಚಾಕರಿಗೆಂದು ಅವನ ಮನೆತನಕ್ಕೂ ಎಂಟು ಕೂರಿಗೆ ಇನಾಮು ಇತ್ತು. ದೇಸಾಯರು ಈ ಸಲ ಇನ್ನೂ ಅರವತ್ತು ಕೂರಿಗೆ ಮಠಕ್ಕೆ ಬರೆಯಲು ಹೊರಟಾಗ, ಪತ್ರ ಬರೆದುಕೊಟ್ಟರೆ ಬಾವಿಯ ಮಗ್ಗುಲಿನ ತೋಟ ನಿನಗೆ ಎಂದು ಆಸೆ ಹಚ್ಚಿದ್ದರು. ಅವನು ತುಟಿ ಪಿಟಕ್ಕೆನ್ನದೆ ಬರೆದುಕೊಟ್ಟಿದ್ದ.

ಅದು ಸೋಮವಾರ ಬೆಳಿಗ್ಗೆ. ಮಠದ ಅಂಗಳದಲ್ಲಿ ಜನ ಕಿಕ್ಕಿರಿದು ಸೇರಿದ್ದರು. ಗುಂಡೋಪಂತ ಬಗಲಲ್ಲಿ ಎರಡು ಕಾಗದ ಇಟ್ಟುಕೊಂಡು ಬಂದಿದ್ದ. ಒಂದು ದೇಸಾಯರ ದಾನಪತ್ರ. ಇನ್ನೊಂದು ಗಾಣಿಗರ ಸಾತವ್ವನ ಎತ್ತಿನ ಜಪ್ತಿಯ ಹುಕುಂ. ಗಂಡನಿಲ್ಲದ ಆ ಹೆಣ್ಣುಮಗಳ ಗಾಣದ ಮೇಲಿನ ತೆರಿಗೆ ಮೂರು ವರ್ಷದಲ್ಲಿ ಎರಡು ಪಟ್ಟಾಗಿ, ಕಟ್ಟಲಾಗದೆ ಬಾಕಿ ನಿಂತಿತ್ತು. ದಾನದ ಕಾರ್ಯ ಮುಗಿದೊಡನೆ ತಳವಾರನನ್ನು ಕರೆದುಕೊಂಡು ಹೋಗಿ ಅವಳ ಎತ್ತು ಹಿಡಿಯಬೇಕು. ಎತ್ತು ಹೋದರೆ ಗಾಣ ನಿಂತಿತು, ಗಾಣ ನಿಂತರೆ ಮನೆಯ ಒಲೆ ಹೊತ್ತುವುದಿಲ್ಲ. ಇದು ಗೊತ್ತಿದ್ದೇ ಅವನು ಸಹಿ ಹಾಕಿದ್ದ.

ಅಜ್ಜಾರು ಕಂಬಳಿಯ ಮೇಲೆ ಕುಳಿತು ಬಲಗೈ ಚಾಚಿದರು. ದೇಸಾಯರು ಬೆಳ್ಳಿಯ ಗಿಂಡಿ ಎತ್ತಿದರು. ಅಂಗೈ ಮೇಲೆ ನೀರು ಬಿತ್ತೆಂದರೆ ದಾನವಾಯಿತು, ಅರವತ್ತು ಕೂರಿಗೆಯ ಕಂದಾಯ ಹೋಯಿತು. ಅಷ್ಟರಲ್ಲಿ ಬಾಗಿಲ ಕಡೆ ಗದ್ದಲವಾಯಿತು. ಜನರನ್ನು ಸರಿಸಿಕೊಂಡು ಸಾತವ್ವ ಒಳಗೆ ಬಂದಳು, ಬೆನ್ನಿಗೆ ಅವಳ ಎತ್ತು.

"ಅಜ್ಜಾರ, ನನ್ನ ಎತ್ತನ್ನೂ ಮಠಕ್ಕ ಬರಕೋರಿ," ಎಂದಳು. "ಮಠದ್ದಾದ್ರ ಯಾರೂ ಮುಟ್ಟೂದಿಲ್ಲಂತ. ದೇಸಾಯರು ಹೊಲಾ ಕೊಟ್ಟು ತಾವ ಉಳತಾರಲ್ರಿ, ಹಂಗ ನಾನೂ ಎತ್ತು ಕೊಟ್ಟು ಗಾಣಾ ಹೊಡಕೋತೀನಿ. ವರ್ಷಕ್ಕ ಎಷ್ಟು ಎಣ್ಣಿ ಹೇಳ್ರಿ, ದೀಪಕ್ಕ ತಂದು ಹಾಕತೀನಿ."

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಗುಂಡೋಪಂತನಿಗೂ ನಗು ಬಂತು. ಪಾಪ, ದೊಡ್ಡವರ ಉಪಾಯವನ್ನು ಕದ್ದು ನೋಡಿ ತನ್ನ ಮನೆಗೂ ಆದೀತೆಂದು ನಂಬಿ ಬಂದಿದ್ದಾಳೆ! ಆದರೆ ಅಜ್ಜಾರು ನಗಲಿಲ್ಲ. ಚಾಚಿದ್ದ ಅಂಗೈಯನ್ನು ಮೆಲ್ಲಗೆ ಮುಚ್ಚಿಕೊಂಡರು. ದೇಸಾಯರ ಗಿಂಡಿ ಹಾಗೆಯೇ ಮೇಲೆ ನಿಂತಿತು.

"ಕುಲಕರ್ಣ್ಯಾರ," ಎಂದರು ಅಜ್ಜಾರು, "ಈ ಹೊಲದ ಕಂದಾಯ ನಾಳಿಂದ ಯಾರು ಕಟ್ಟಬೇಕು?"

ನಗು ನಿಂತುಹೋಯಿತು. ಗುಂಡೋಪಂತ ಅಜ್ಜಾರ ಮುಖ ನೋಡಿದ. ಎಲ್ಲ ಬಲ್ಲವರ ಕಪಟ ಅಲ್ಲಿದ್ದೀತೆಂದು ಹುಡುಕಿದ, ಕಾಣಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ! ದೇಸಾಯರನ್ನು ಬಿಟ್ಟರೆ ಗೊತ್ತಿದ್ದವನು ಊರಲ್ಲಿ ಇವನೊಬ್ಬನೇ, ಹೇಳದೆ ಇದ್ದವನೂ ಇವನೇ. ದೇಸಾಯರು ಕಣ್ಣಲ್ಲೇ ಗದರಿಸಿದರು. ಅವರು ಅರಮನೆಗೆ ಒಂದು ಮಾತು ಹೇಳಿ ಕಳಿಸಿದರೆ ಸಾಕು, ನಾಲ್ಕು ತಲೆಮಾರಿನ ಕುಲಕರ್ಣಿಕೆ ಕೈತಪ್ಪುತ್ತದೆ. ಏನಾದರೊಂದು ಹಾರಿಕೆಯ ಮಾತು ಹೇಳಿಬಿಡಲೇ ಎಂದುಕೊಂಡ. ಎತ್ತು ಒಮ್ಮೆ ಸೀನಿತು. ಸಾತವ್ವ ಹಗ್ಗವನ್ನು ಎದೆಗೆ ಒತ್ತಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಅಜ್ಜಾರು ಎರಡನೆಯ ಸಲ ಕೇಳಲಿಲ್ಲ, ಅವನ ಮೇಲಿಂದ ಕಣ್ಣನ್ನೂ ತೆಗೆಯಲಿಲ್ಲ.

"ಉಳಿದವರು ಕಟ್ಟಬೇಕ್ರಿ," ಎಂದ ಗುಂಡೋಪಂತ. "ಈ ಓಣಿಯವರು. ಈಕಿ. ಮೂರು ವರ್ಷದ ಹಿಂದ ನಲವತ್ತು ಕೂರಿಗಿ ಬಿಟ್ಟದ್ದೂ ಇವರ ಮ್ಯಾಲೇ ಬಿದ್ದದರಿ. ಅದಕ್ಕೇ ಎರಡು ಗಾಣ ನಿಂತು, ಎರಡು ಮನಿ ಊರು ಬಿಟ್ಟು ಹೋದ್ವು. ದೇಸಾಯರು ಈಗ ಆ ಮನಿ ಜಾಗಾನೂ ತಗೊಂಡಾರ್ರಿ."

ಅಜ್ಜಾರ ಮುಖ ಬಾಡಿಹೋಯಿತು. ಆಮೇಲೆ ತಾವೇ ಎದ್ದು ಹೋಗಿ ಸಾತವ್ವನ ಮುಂದೆ ನಿಂತು, ಆ ಮಹಾನುಭಾವರು, ಅವಳಿಗೆ ಕೈಮುಗಿದರು.

"ಮೂರು ವರ್ಷ ನಾವು ಎರದ ಅಂಬಲಿ ನಿಮ್ಮ ಮನೀದು, ತಾಯಿ. ನಮಗ ತಿಳೀಲಿಲ್ಲ. ಕೇಳಲಿಲ್ಲ, ಅದಕ್ಕ ತಿಳೀಲಿಲ್ಲ."

ದೇಸಾಯರು ಗಿಂಡಿಯನ್ನು ನೆಲಕ್ಕೆ ಕುಕ್ಕಿದರು. "ಧರ್ಮದ ಕೆಲಸಕ್ಕ ಕುಲಕರ್ಣಿ ಕಲ್ಲು ಹಾಕ್ಯಾನ! ಇವನ ಎಂಟು ಕೂರಿಗೀದು ಯಾರು ಕಟ್ಟತಾರ, ಅದನ್ನೂ ಕೇಳ್ರಿ ಅಜ್ಜಾರ!"

ಅಜ್ಜಾರು ಆ ಪ್ರಶ್ನೆ ಕೇಳಲಿಲ್ಲ. "ಆ ನಲವತ್ತು ಕೂರಿಗೀನ ಇವತ್ತ ಕಂದಾಯಕ್ಕ ಹಚ್ಚರಿ," ಎಂದರು. "ಗುತ್ತಿಗಿ ಮುಗೀತು, ಓಣಿಯವರು ಉಳಲಿ. ಜಪ್ತಿ ಮಾಡೂದಿದ್ರ ಮೊದಲ ಮಠಕ್ಕ ಬರ್ರಿ." ಅಷ್ಟು ಹೇಳಿ ಒಳಗೆ ನಡೆದರು. ಕಂದಾಯ ಬಿಡಿಸಿಕೊಳ್ಳಲು ಅರಮನೆಯ ಕಟ್ಟಳೆ ಬೇಕು. ಕಟ್ಟುತ್ತೇನೆಂದು ಮುಂದೆ ಬಂದವರಿಗೆ ಯಾರ ಅಪ್ಪಣೆ ಬೇಕು? ದೇಸಾಯರು ತಮ್ಮ ಅರವತ್ತು ಕೂರಿಗೆಯನ್ನು ಹಾಗೆಯೇ ಹೊತ್ತುಕೊಂಡು ಮನೆಗೆ ಹೋದರು. ಗುಂಡೋಪಂತ ಬಗಲಿನ ಎರಡೂ ಕಾಗದವನ್ನು ಅಲ್ಲೇ ಹರಿದು ಹಾಕಿದ.

ಆ ವಾರವೆಲ್ಲ ಅವನಿಗೆ ಅನ್ನ ರುಚಿಸಲಿಲ್ಲ. ಆ ಎಂಟು ಕೂರಿಗೆಯ ಮಾತನ್ನು ಅಜ್ಜಾರು ಕೇಳಿ ಬೈದಿದ್ದರೆ ಬೈಗುಳ ತಿಂದು ಮರೆಯಬಹುದಿತ್ತು. ಕೇಳದೆ ಬಿಟ್ಟ ಮಾತೇ ಅವನ ಬೆನ್ನು ಹತ್ತಿತು. ಹೆಂಡತಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದ. ಆಕೆ ಅತ್ತಳು, ಬೈದಳು, ಕೊನೆಗೆ, "ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ," ಎಂದು ತನ್ನ ಕೈಯ ಬಂಗಾರದ ಪಾಟ್ಲಿ ಬಿಚ್ಚಿ ಕೊಟ್ಟಳು.

ಮುಂದಿನ ಸೋಮವಾರ ಚಾವಡಿಯಲ್ಲಿ ಕಂದಾಯದ ಪಟ್ಟಿ ಓದುವ ದಿನ. ಹೆಸರು ಕರೆದಂತೆ ಒಬ್ಬೊಬ್ಬರೇ ಓಗೊಟ್ಟು ಸಾಲಿಗೆ ನಿಲ್ಲಬೇಕು. ಮೊದಲ ಹೆಸರು ಮಠದ್ದು. ಅಜ್ಜಾರು ಮಠದ ಕಂಚಿನ ಗಂಟೆ ಮಾರಿದ ಹಣ ಹಿಡಿದು, ಚಾಪೆ ಹಾಸಿದರೂ ಕೂರದೆ, ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದ್ದರು. ದೇಸಾಯರ ಆಳು ಬಂದು ನಿಂತ. ಸಾತವ್ವನ ಪಾಲು ಮೂರು ವರ್ಷದ ಹಿಂದಿನದಕ್ಕಿಂತಲೂ ಕಡಿಮೆ ಬಂದಿತ್ತು. ಅವಳಿಗೆ ನಂಬಿಕೆಯಾಗದೆ ಎರಡು ಸಲ ಕೇಳಿಸಿಕೊಂಡಳು.

"ಗುಂಡೋಪಂತ, ತಂದೆ ವೆಂಕಾಜಿಪಂತ. ಎಂಟು ಕೂರಿಗಿ," ಎಂದು ಕುಲಕರ್ಣಿ ಓದಿದ. ಯಾರೂ ಓಗೊಡಲಿಲ್ಲ. ಅವನು ಲೇಖಣಿ ಕೆಳಗಿಟ್ಟು ಎದ್ದು ನಿಂತ.

"ಇದ್ದೇನ್ರಿ," ಎಂದ.

ಕಟ್ಟೆ ಇಳಿದು ಬಂದು ಸಾಲು ಸೇರಿದ. ಸಾತವ್ವ ಗಾಬರಿಯಾಗಿ ಪಕ್ಕಕ್ಕೆ ಸರಿದು, "ಮುಂದ ಬರ್ರಿ ಧಣೇರ," ಎಂದಳು.

"ಬ್ಯಾಡವಾ," ಎಂದ ಗುಂಡೋಪಂತ. "ನಾ ನಿನ್ನ ಹಿಂದೇ ಇರತೀನಿ."