ಪಡಸಾಲೆಗೆ ಬಂದ ಒರಳು

ನನ್ನದು ಹಾವೇರಿಯಲ್ಲಿ ಮನೆ ಅಲಂಕಾರದ ಅಂಗಡಿ. ಸುಶೀಲಾಬಾಯಿಯವರ ಹೊಸ ಬಂಗಲೆಗೆ ಪರದೆ ಹಾಕಿದವನು ನಾನೇ. ಅವರಿಗೆ ಪಡಸಾಲೆಯಲ್ಲಿ ಹಳ್ಳಿ ಕಳೆ ಬೇಕಿತ್ತು. ಮನೆಗೆಲಸದ ಫಕೀರವ್ವನ ಕಲ್ಲಿನ ಒರಳಿನ ಮೇಲೆ ಕಣ್ಣು ಬಿತ್ತು. ಮನೆಗೆಲಸದ ಜೊತೆಗೆ ಅದರಲ್ಲಿ ಓಣಿಯವರ ಖಾರ ಕುಟ್ಟಿಕೊಟ್ಟೇ ಆಕೆ ಮಕ್ಕಳಿಗೆ ಉಣ್ಣಲಿಕ್ಕೆ ಹಾಕುತ್ತಿದ್ದಳು.

“ಒರಳು ಕೊಡು. ಇಲ್ಲಾಂದ್ರ ಕೆಲಸಕ್ಕ ಬರಬ್ಯಾಡ.”

“ಆತ್ರೀ ಅಕ್ಕಾರ.”

ಬಾಯಿಯವರ ಜೀಪು ಒರಳನ್ನು ಹೊತ್ತು ತಂದಿತು. ಗೃಹಪ್ರವೇಶದ ದಿನ ಗೆಳತಿಯರೆಲ್ಲ ಸೋಫಾದಲ್ಲಿ ಕೂತು ಅದನ್ನು ಹೊಗಳುತ್ತಿದ್ದರು. ಅಷ್ಟರಲ್ಲಿ ಫಕೀರವ್ವ ಒನಕೆ ಹಿಡಿದು ಬಂದಳು. ಒಣಮೆಣಸಿನಕಾಯಿ ಸುರಿದು ಕುಟ್ಟತೊಡಗಿದಳು. ಘಾಟಿಗೆ ಗೆಳತಿಯರು ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದರು.

“ಏನ ಮಾಡಾಕತ್ತೀಯೇ?”

“ಓಣ್ಯಾಗಿನವರ ಖಾರ ರೀ. ಒರಳು ಇಲ್ಲೈತಿ, ಇಲ್ಲೇ ಕುಟ್ಟಬೇಕಲ್ರೀ. ನಾಳಿಗೂ ಬರ್ತೀನಿ.”

“ಮೊದಲ ಇದನ್ನ ಹೊರಗ ಒಯ್ಯಿ!”

ಅದೇ ಜೀಪು ಒರಳನ್ನು ಆಕೆಯ ಮನೆಗೆ ಮುಟ್ಟಿಸಿತು. ಕೆಲಸ ಮಾತ್ರ ಹೋಯಿತು.

ಮುಂದಿನ ವಾರ ಬಾಯಿಯವರಿಗೆ ನಾನೊಂದು ಫೈಬರ್ ಒರಳು ಮಾರಿದೆ. ಅದರಲ್ಲಿ ಪ್ಲಾಸ್ಟಿಕ್ ಹೂವಿಟ್ಟು, ದೂರ ನಿಂತು ನೋಡಿ, ನಕ್ಕರು.

“ಇದ ಚೊಲೊ ನೋಡ್ರಿ ಸಾವಕಾರ್ರ. ಇದರ ಹಿಂದ ಯಾರೂ ಬರೂದಿಲ್ಲ.”