ಸೀಬಿನಾಳದ ಕಣಜ

"ಮೂರು ಶಾಲೆಗಳನ್ನು ಒಂದು ಮಾಡಿದ್ದೇನೆ, ಮಹಾಪ್ರಭು! ಇನ್ನು ನನ್ನ ಸಂಬಳ ಮೂರರಷ್ಟಾಗಬೇಕು."

ಕುಮುದಗಿರಿಯ ಓಲಗದಲ್ಲಿ ಹೀಗೆ ಎದೆ ಸೆಟೆಸಿ ನುಡಿದವನು ಗೊಂಚಿಗೆರೆಯ ಹಂಪಯ್ಯ; ಮೂರು ಊರಿನವರು ಕೈಯೆತ್ತಿ ಆರಿಸಿದ ಶಾಲೆಗಳ ಪಾರುಪತ್ಯಗಾರ. ಒಂದೇ ಸೂರಿನಡಿ ಓದುವ ಮಕ್ಕಳು ಹೆಚ್ಚಿದಷ್ಟೂ ಪಾರುಪತ್ಯಗಾರನಿಗೆ ದಿನವೂ ಅಳೆದುಕೊಡುವ ಭತ್ತ ಹೆಚ್ಚಬೇಕೆಂದು ದೊರೆ ನರಸಭೂಪನೇ ಹಿಂದೆ ಕಟ್ಟಳೆ ಮಾಡಿದ್ದ. ಅದರ ರುಚಿ ಹತ್ತಿದ್ದೇ ತಡ, ಹಂಪಯ್ಯ ಉಳಿದೆರಡು ಊರುಗಳ ಶಾಲೆಗೆ ಬೀಗ ಜಡಿದು, ಮಕ್ಕಳನ್ನೆಲ್ಲ ತನ್ನ ಮನೆಯೆದುರಿನ ಶಾಲೆಗೆ ಸೇರಿಸಿದ. ತಲೆಯೆಣಿಸುವ ದಿನ ಮಾತ್ರ ಸುತ್ತುದಾರಿಯಲ್ಲಿ ಗಾಡಿ ಹೂಡಿಸಿ ಅವರನ್ನು ಕರೆತಂದ. ಮರುದಿನ ಆ ಎತ್ತುಗಳು ಅವನ ಗದ್ದೆಗಿಳಿದವು, ಮಕ್ಕಳು ಕಾಲ್ನಡಿಗೆಗಿಳಿದರು.

ಸೀಬಿನಾಳದ ಸಂಕಮ್ಮಜ್ಜಿ ಕಂಬದ ಮರೆಯಿಂದ ಮುಂದೆ ಬಂದಳು.

"ಬುದ್ಧೀ, ನಮ್ಮೂರಿಂದ ಗುಡ್ಡ ಹತ್ತಬೇಕು, ಹಳ್ಳ ದಾಟಬೇಕು. ನನ್ನ ಮೊಮ್ಮಗಳು ಹೋಗಿ ಸೇರೋ ಹೊತ್ತಿಗೆ ಐಗಳು ಪಾಠ ಮುಗಿಸಿ ಮಜ್ಜಿಗೆ ಕುಡೀತಿರ್ತಾರೆ. ಅವಳು ಕಲ್ತಿರೋದು ಹಳ್ಳ ದಾಟೋದು ಒಂದೇ!"

ಸಭೆ ನಕ್ಕಿತು. ಹಂಪಯ್ಯ ಮಾತ್ರ ಅಳುಕಲಿಲ್ಲ.

"ನಡೆದರೆ ಹಸಿವು ಹುಟ್ಟುತ್ತದೆ ಅಜ್ಜಿ, ಮೈ ಗಟ್ಟಿಯಾಗುತ್ತದೆ, ಬುದ್ಧಿ ಚುರುಕಾಗುತ್ತದೆ. ನಾನು ಮಾಡಿದ್ದು ಉಪಕಾರ!"

ತನ್ನ ಕಟ್ಟಳೆಗೆ ತಾನೇ ಸಿಕ್ಕಿಬಿದ್ದ ದೊರೆ, ಆಸ್ಥಾನದ ಜಾಣ ಬೊಮ್ಮರಸನತ್ತ ನೋಡಿದ. ಹಂಪಯ್ಯ ಅಂಜಿದ್ದುದೇ ಈ ಒಂದು ನಾಲಗೆಗೆ.

"ಕಟ್ಟಳೆ ಕಟ್ಟಳೆಯೇ, ಪ್ರಭು. ಮೂರರಷ್ಟು ಕೊಡಿಸಿ," ಎಂದ ಬೊಮ್ಮರಸ.

ಅಜ್ಜಿಯ ಮುಖ ಬಾಡಿತು. ಇಷ್ಟು ಸುಲಭವೇ ಎಂದು ಹಂಪಯ್ಯ ಒಳಗೊಳಗೇ ಹಿಗ್ಗಿದ.

"ಆದರೆ ಒಂದು ಬಿನ್ನಹ. ಹಂಪಯ್ಯನವರ ಉಪಾಯ ಬೊಕ್ಕಸಕ್ಕೂ ಒಪ್ಪುವಂಥದು. ಮೂರೂರಿನ ಕಣಜಗಳನ್ನೂ ಒಂದು ಮಾಡೋಣ, ಕಾವಲಿನ ಖರ್ಚು ಉಳಿಯುತ್ತದೆ. ಇವರ ಭತ್ತವನ್ನು ಅಲ್ಲಿಯೇ, ಶಾಲೆಯ ಗಂಟೆ ಹೊಡೆಯುವ ಮುಂಚೆ ಮಾತ್ರ ಅಳೆಯಲಿ. ಇವರು ತಾವೇ ನಡೆದುಬಂದು ಹೊತ್ತೊಯ್ಯಲಿ. ಆಳನ್ನು ಕಳಿಸುವಂತಿಲ್ಲ, ಪಾಠ ಕಲಿಯಲು ಯಾವ ಮಗುವೂ ಆಳನ್ನು ಕಳಿಸುವುದಿಲ್ಲವಷ್ಟೆ?"

"ಧಾರಾಳವಾಗಿ!" ಎಂದುಬಿಟ್ಟ ಹಂಪಯ್ಯ. ಒಂದು ಮಾಡುವುದೆಂದರೆ ಗೊಂಚಿಗೆರೆಯಲ್ಲಿಯೇ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

"ಒಪ್ಪಿದಿರಲ್ಲ, ಸಂತೋಷ. ಕಣಜ ಸೀಬಿನಾಳದ್ದು."

ಮೊದಲ ದಿನ ಹಂಪಯ್ಯ ಏದುಸಿರುಬಿಡುತ್ತ ತಲುಪಿದಾಗ ಕಣಜದ ಬಾಗಿಲು ಮುಚ್ಚಿತ್ತು. "ಹೊತ್ತು ಮೀರಿತು ಬುದ್ಧಿ, ನಾಳೆ ಬನ್ನಿ," ಎಂದ ಅಳೆಯುವವನು. ಮರುದಿನ ನಸುಕಿನಲ್ಲೇ ಹೊರಟು ಹಳ್ಳದಲ್ಲಿ ಜಾರಿದ. ಆದರೂ ಭತ್ತ ದಕ್ಕಿತು. ಸಂಬಳ ಮೂರರಷ್ಟಾಗಿತ್ತು, ತಲೆಯ ಮೇಲಿನ ಮೂಟೆಯೂ ಮೂರರಷ್ಟಾಗಿತ್ತು. ಅದನ್ನು ಹೊತ್ತು ಗುಡ್ಡವೇರುತ್ತಿದ್ದಾಗ, ಪಾಟಿ ಹಿಡಿದು ಶಾಲೆಗೆ ಹೊರಟಿದ್ದ ಸಂಕಮ್ಮಜ್ಜಿಯ ಮೊಮ್ಮಗಳು ಅವನನ್ನು ದಾಟಿ ಮುಂದೆ ಹೋದಳು.

"ಹಂಪಯ್ಯಮಾಮ, ಹಸಿವು ಹುಟ್ಟಿತಾ?"

ವಾರ ಕಳೆಯುವ ಮುನ್ನವೇ ಅವನು ಕುಂಟುತ್ತ ಓಲಗಕ್ಕೆ ಬಂದ.

"ಕಾಪಾಡಬೇಕು ಮಹಾಪ್ರಭು! ಆ ಕಣಜ ಬಹಳ ದೂರ!"

"ಎಷ್ಟು ದೂರವಯ್ಯ?" ಎಂದ ದೊರೆ.

ಹಂಪಯ್ಯ ಬಾಯಿ ತೆರೆಯುವಷ್ಟರಲ್ಲಿ ಬೊಮ್ಮರಸ ಕೈಮುಗಿದು ಹೇಳಿದ:

"ಶಾಲೆಯಷ್ಟೇ ದೂರ, ಪ್ರಭು."

ದೊರೆ ಕಿರೀಟ ಜಾರುವಂತೆ ನಕ್ಕ. ಎರಡೂರಿನ ಶಾಲೆಗಳ ಬೀಗ ಅಂದೇ ತೆಗೆಯಬೇಕೆಂದೂ, ಒಂದೇ ಸೂರಿನ ಕಟ್ಟಳೆ ಅಂದಿಗೇ ರದ್ದೆಂದೂ ಅಪ್ಪಣೆಯಾಯಿತು. ಹಳೆಯ ಸಂಬಳ ಗೊಂಚಿಗೆರೆಯ ಹಳೆಯ ಕಣಜದಲ್ಲೇ ಸಿಗುವುದೆಂದು ಕೇಳಿದಾಗ, ಹಂಪಯ್ಯನಿಗೆ ಅದು ಬಡ್ತಿಯಂತೆಯೇ ತೋರಿತು.

"ಬೊಮ್ಮರಸ, ನಿನಗೂ ಒಂದು ಮೂಟೆ ಭತ್ತದ ಉಡುಗೊರೆ! ಸೀಬಿನಾಳದ ಕಣಜದಲ್ಲಿ ಅಳೆಸಿಕೊ," ಎಂದ ದೊರೆ.

"ಇಲ್ಲಿಯೇ ಅಳೆಸಿ, ಪ್ರಭು," ಎಂದ ಬೊಮ್ಮರಸ. "ನನ್ನ ಬುದ್ಧಿ ಸದ್ಯಕ್ಕೆ ಇಷ್ಟೇ ಚುರುಕಾಗಿರಲಿ."